ಡಬ್ಬಿ ಅಂದರೆ

ಅವರ ಹೆಸರನ್ನು ನಾನು ಒಮ್ಮೆ ಕಾಗದದ ಮೇಲೆ ಬರೆದಿದ್ದೇನೆ. ಅದರಿಂದ ಆದದ್ದು ಸಾಕು, ಇಲ್ಲಿ ಬರೆಯುವುದಿಲ್ಲ. ಹಾವೇರಿಯಿಂದ ಮೋಟೆಬೆನ್ನೂರು, ಬ್ಯಾಡಗಿ ಹಾದು ರಾಣೆಬೆನ್ನೂರಿಗೆ ಹೋಗುವ ಬೆಳಗಿನ ಎಂಟೂಕಾಲರ ಬಸ್ಸಿನ ಕಂಡಕ್ಟರ್ ಅಂದರೆ, ಆ ಬಸ್ಸಿನಲ್ಲಿ ಓಡಾಡಿದವರಿಗೆ ಗೊತ್ತಾಗುತ್ತದೆ. ಉಳಿದವರಿಗೆ ಹೆಸರಿನಿಂದ ಆಗಬೇಕಾದದ್ದು ಏನೂ ಇಲ್ಲ. ಕಳೆದ ತಿಂಗಳ ಕೊನೆಗೆ ಅವರು ನಿವೃತ್ತರಾದರು. ಅವರ ಕಡೆಯ ದಿನ ನಾನೂ ಆ ಬಸ್ಸಿನಲ್ಲಿದ್ದೆ. ಅಂದಿನಿಂದ ಇದನ್ನು ಬರೆಯಬೇಕೆಂದು ಕೂರುವುದು, ಏಳುವುದು ಮಾಡುತ್ತಿದ್ದೇನೆ.

ಆಳು ತೆಳ್ಳಗೆ, ಎತ್ತರ. ಖಾಕಿ ಅಂಗಿ ಗೂಟಕ್ಕೆ ನೇತುಹಾಕಿದ ಹಾಗೆ ಮೈಮೇಲೆ ಜೋತಾಡುತ್ತಿತ್ತು. ಕೊರಳಲ್ಲಿ ಟಿಕೆಟ್ ಮಷೀನು, ಬಲಗೈ ಬೆರಳಲ್ಲಿ ಒಂದು ತಾಮ್ರದ ಉಂಗುರ. ಏನಾದರೂ ಹೇಳುವುದಿದ್ದರೆ ಆ ಉಂಗುರದಿಂದ ಕಂಬಿಗೆ ಮೂರು ಸಲ ಬಡಿಯುವರು. ಆಮೇಲೆ ರೈಲು ನಿಲ್ದಾಣದ ಧ್ವನಿವರ್ಧಕದ ದನಿಯಲ್ಲಿ, ಮೂಗಿನಿಂದ, "ಮಾನ್ಯ ಪ್ರಯಾಣಿಕರ ಗಮನಕ್ಕೆ" ಎಂದು ಶುರು ಮಾಡುವರು. ಒಂದು ವಾಕ್ಯ ಗ್ರಾಂಥಿಕ. ಎರಡನೆಯದಕ್ಕೆ ನಮ್ಮ ಮಾತಿಗೆ ಇಳಿದುಬಿಡುವರು.

ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲೆ ಎಂಟೂಕಾಲರ ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಅಗಡಿ ಕಡೆಯಿಂದ ಹಾವೇರಿಗೆ ಬಂದು ಬಸ್ಸು ಬದಲಿಸುವವರು, ಕಾಲೇಜಿನ ಹುಡುಗಿಯರು, ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವ ಹೆಂಗಸರು, ನಮ್ಮಂಥ ಕಚೇರಿಯವರು. ಎಲ್ಲರಿಗೂ ಅದೇ ಬಸ್ಸು ಬೇಕು, ಎಲ್ಲರಿಗೂ ಬಾಗಿಲ ಹತ್ತಿರದ ಜಾಗವೇ ಬೇಕು. ಅವರು ಕಂಬಿ ಬಡಿಯುವರು. "ಮಾನ್ಯ ಪ್ರಯಾಣಿಕರ ಗಮನಕ್ಕೆ. ಬಾಗಿಲದಾಗ ನಿಂತವರು ಒಳಗ ಸರೀರಿ. ಒಳಗೇನು ಲಗ್ನದ ಊಟ ಇಲ್ಲ, ಖರೇ. ಆದ್ರೂ ಬರ್ರಿ, ಗಾಳಿ ಐತಿ." ನಗುತ್ತ ಜನ ಒಂದು ಹೆಜ್ಜೆ ಒಳಗೆ ಸರಿಯುತ್ತಿದ್ದರು. ಬೈದು ಸರಿಸುವ ಕಂಡಕ್ಟರುಗಳನ್ನು ನಾನು ಕಂಡಿದ್ದೇನೆ. ಬೈದರೆ ಜನ ಅಲ್ಲೇ ಬೇರು ಬಿಡುತ್ತಾರೆ.

ಸೀಟಿಗೆ ಕಿಟಕಿಯಿಂದ ಟವೆಲ್ಲು ಎಸೆದು ಜಾಗ ಹಿಡಿಯುವುದು ನಮ್ಮ ಕಡೆಯ ರಿವಾಜು. ಅದರ ಸಲುವಾಗಿ ದಿನಕ್ಕೊಂದು ಜಗಳ. ಒಮ್ಮೆ ಇಬ್ಬರು ಹೆಂಗಸರು ಒಂದೇ ಸೀಟಿಗೆ ಕೈ ಕೈ ಮಿಲಾಯಿಸುವ ಹಂತಕ್ಕೆ ಬಂದಿದ್ದರು. ಇವರು ಆ ಟವೆಲ್ಲನ್ನೇ ಎತ್ತಿ ಹಿಡಿದು ಅದರ ಜೊತೆ ಮಾತಾಡಲು ಶುರು ಮಾಡಿದರು. ನೀ ಎಲ್ಲಿಗೆ ಹೊಂಟೀದಿ, ಬ್ಯಾಡಗಿಗೋ ರಾಣೆಬೆನ್ನೂರಿಗೋ, ನಿನ್ನ ಆಧಾರ್ ಕಾರ್ಡ್ ಎಲ್ಲಿ, ಗಂಡಸು ಟವೆಲ್ಲಾದರೆ ಟಿಕೆಟ್ ತೆಗಿ, ಹೆಣ್ಣಾದರೆ ಸೊನ್ನೆ ಟಿಕೆಟ್ ಕೊಡತೇನಿ ಎಂದು ಪೂರ್ತಿ ಗಂಭೀರವಾಗಿ ವಿಚಾರಿಸಿದರು. ಜಗಳಾಡುತ್ತಿದ್ದ ಇಬ್ಬರೂ ನಕ್ಕುಬಿಟ್ಟರು. ಕಡೆಗೆ ಆ ಸೀಟಿನಲ್ಲಿ ಮೂವರು ಕುಳಿತರು.

ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿ ಹತ್ತಿರವಾದಂತೆ ಬಸ್ಸಿಗೆ ಬಸ್ಸೇ ಸೀನಲು ಹತ್ತುತ್ತದೆ. ಆ ದಿನಗಳಲ್ಲಿ ಅವರು ಊರಿನ ಹೆಸರು ಕೂಗುತ್ತಲೇ ಇರಲಿಲ್ಲ. "ಬ್ಯಾಡಗಿ ಬಂತಂತ ನಾ ಹೇಳೂದು ಬ್ಯಾಡ. ನಿಮ್ಮ ಮೂಗ ಹೇಳತೈತಿ. ಎರಡ ಸಲ ಸೀನಿದವರು ಏಳ್ರಿ, ಮೂರ ಸಲ ಸೀನಿದವರು ಇಳೀರಿ."

ನಗಿಸುವುದು ಅವರಿಗೆ ಬರೀ ಹೊತ್ತು ಕಳೆಯುವ ಚಟವಾಗಿರಲಿಲ್ಲ. ಒಂದು ದಿನ ಗದ್ದಲದಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಹಿಂದೆ ಮುಂದೆ ಸರಿಯುತ್ತ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದಳು. ನಾನು ಎರಡು ಮಾರು ದೂರದಲ್ಲಿದ್ದೆ. ಯಾಕೆಂದು ನನಗೂ ಗೊತ್ತಾಗಿತ್ತು, ಪತ್ರಿಕೆ ಬಿಚ್ಚಿ ಹಿಡಿದಿದ್ದೆ. ಇವರು ಕಂಬಿ ಬಡಿದರು. ಗುಲಾಬಿ ಅಂಗಿ ಹಾಕಿದ ಅಣ್ಣನವರಿಗೆ ಕೈ ಎಲ್ಲಿಡಬೇಕೆಂಬುದು ತಿಳಿಯದಾಗಿದೆ, ದಯಮಾಡಿ ದಾರಿ ಬಿಡಿ, ಅವರು ಮುಂದೆ ಬಂದು ಈ ಅಜ್ಜಿಯ ಬುಟ್ಟಿ ಹಿಡಿದುಕೊಳ್ಳುತ್ತಾರೆ ಎಂದರು. ಆ ನಲವತ್ತರ ಗಂಡಸು ಬಸ್ಸಿಡೀ ನೋಡುತ್ತಿರುವಾಗ ರಾಣೆಬೆನ್ನೂರಿನವರೆಗೆ ಎರಡೂ ಕೈಯಲ್ಲಿ ಬುಟ್ಟಿ ಹಿಡಿದು ನಿಂತ. ನಾನು ಪತ್ರಿಕೆ ಮಡಚಿ ಎಲ್ಲರಿಗಿಂತ ಜೋರಾಗಿ ನಕ್ಕೆ.

ಇನ್ನು ಕಡ್ಡಿ, ಡಬ್ಬಿಯ ವಿಷಯ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಎರಡು ಜಾತಿ: ಉದ್ದಗೆ, ತೆಳ್ಳಗೆ ಇರುವುದು ಕಡ್ಡಿ, ಗಿಡ್ಡಗೆ, ತುಂಬಿಕೊಂಡಿರುವುದು ಡಬ್ಬಿ. ಅವರು ಹರೆಯದಲ್ಲಿ ಬ್ಯಾಡಗಿ ಪೇಟೆಯಲ್ಲಿ ಹಮಾಲಿ ಮಾಡಿದವರು. ಬಸ್ಸು ತುಂಬಿದಾಗ ಚೀಲ ಜೋಡಿಸಿದ ಹಾಗೆ ಜನರನ್ನು ಜೋಡಿಸುವರು. ಕಡ್ಡಿ ಮಂದಿ ನಡುವಿಗೆ, ಡಬ್ಬಿ ಮಂದಿ ಸೀಟಿಗೆ ಆನಿಕೊಂಡು. ತಮ್ಮನ್ನು ಕಡ್ಡಿಯಲ್ಲೇ ಎಣಿಸುವರು, "ಅದೂ ಹೋದ ವರ್ಷದ ಕಡ್ಡಿ" ಎನ್ನುವರು. ಯಾರೂ ಬೇಜಾರು ಮಾಡಿಕೊಂಡದ್ದು ನಾನು ಕಂಡಿಲ್ಲ. ಯಾಕೆಂದರೆ ಆ ಬಸ್ಸಿನಲ್ಲಿ ಪೇಟೆ ಗೊತ್ತಿದ್ದ ಪ್ರತಿಯೊಬ್ಬರಿಗೂ ಒಂದು ಸಂಗತಿ ತಿಳಿದಿತ್ತು. ಅದನ್ನು ಕಡೆಗೆ ಹೇಳುತ್ತೇನೆ. ನನಗಂತೂ ಚೆನ್ನಾಗಿಯೇ ತಿಳಿದಿತ್ತು, ನಮ್ಮಪ್ಪ ಅದೇ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಕಾಯಿಯ ದರ್ಜೆ ಆರಿಸುತ್ತಿದ್ದವರು.

ನಾನು ರಾಣೆಬೆನ್ನೂರಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ನನ್ನಲ್ಲಿ ಇರುವ ವಿದ್ಯೆ ಒಂದೇ, ಕಾಗದ ಬರೆಯುವುದು. ಟಿಪ್ಪಣಿ, ನೋಟಿಸು, ಅಹವಾಲು ಯಾವುದಾದರೂ ಸರಿ, ನಾನು ಬರೆದರೆ ಮೇಲಿನವರು ಒಂದಕ್ಷರ ತಿದ್ದುತ್ತಿರಲಿಲ್ಲ. ಈ ಸಂಗತಿ ಬಸ್ಸಿಗೂ ತಿಳಿದಿತ್ತು, ತಿಳಿಸಿದವನೂ ನಾನೇ. ಹಾಗಾಗಿ ಅವರು ಮಗಳ ಹಾಸ್ಟೆಲ್ಲಿನ ಅರ್ಜಿಯನ್ನು ನನ್ನಿಂದ ಬರೆಸಿದರು. ರಾಣೆಬೆನ್ನೂರು ನಿಲ್ದಾಣದಲ್ಲಿ ಖಾಲಿ ಬಸ್ಸಿನ ಸೀಟಿನಲ್ಲಿ ಕುಳಿತು ಬರೆದುಕೊಟ್ಟೆ. ಅವರು ಅದನ್ನು ನಿಧಾನವಾಗಿ, ಬೆರಳಿಟ್ಟು ಓದಿದರು.

"ಸಾಹೇಬ್ರ, ಈ ಸದರೀ ಅನ್ನಾಂವ ಯಾರ್ರಿ? ಎಂಟ ಸಲ ಬಂದಾನ. ನಮ್ಮ ಮನೀ ಮಂದ್ಯಾಗ ಇಂವ ಇಲ್ಲಲ್ಲ."

ಸದರಿ ಅಂದರೆ ಮೇಲೆ ಹೇಳಿದ, ಇದೇ ಎಂದು ಅರ್ಥ ಎಂದೆ. ಅಷ್ಟೇ ಅರ್ಥವಿದ್ದರೆ ಅಷ್ಟುದ್ದ ಯಾಕೆ, ಬೇರೆಯವರು ಗಿಡ್ಡ ಬರೆಯುತ್ತಾರಲ್ಲ ಎಂದು ಕೇಳಿದರು. ಅದು ನಿಜ. ಎಲ್ಲರೂ ಸದರಿ ಎಂದು ಬರೆಯುತ್ತಾರೆ, ನಾನು ಮಾತ್ರ ದೀರ್ಘ ಎಳೆದು ಸದರೀ ಎಂದು ಬರೆಯುತ್ತೇನೆ. ನೌಕರಿಗೆ ಸೇರಿದ ಹೊಸದರಲ್ಲಿ ನನಗೆ ಕಾಗದ ಕಲಿಸಿದ ಹಿರಿಯರು ಹಾಗೆ ಬರೆಯುತ್ತಿದ್ದರು, ಅದು ಕೈಗೆ ಅಂಟಿಕೊಂಡಿತು. ಅರ್ಜಿ ಪಾಸಾಯಿತು. ಅವರು ಪಾವು ಕಿಲೋ ಪೇಡೆ ತಂದುಕೊಟ್ಟು, ಇದು ಸದರೀಯವರ ಪಾಲು ಎಂದರು.

ಎರಡು ವರ್ಷದ ಹಿಂದೆ ನನಗೆ ಬಡ್ತಿಯಾಯಿತು. ಸೂಪರಿಂಟೆಂಡೆಂಟ್ ಎಂಬ ಹಲಗೆ ಮೇಜಿನ ಮೇಲೆ ಬಂತು. ಅದೇ ವಾರ ನಮ್ಮ ಕಚೇರಿಗೆ ಮೈಸೂರು ಕಡೆಯಿಂದ ಹೊಸ ಸಾಹೇಬರು ಬಂದರು. ಅವರ ಜೀಪು ಗ್ಯಾರೇಜು ಸೇರಿತ್ತು. ಹಾವೇರಿಯಲ್ಲಿ ಮೀಟಿಂಗು ಮುಗಿಸಿ ಉಳಿದಿದ್ದ ಅವರನ್ನು ಬೆಳಗಿನ ಬಸ್ಸಿನಲ್ಲಿ ಕರೆದುಕೊಂಡು ಹೊರಟವನು ನಾನು. ಇಸ್ತ್ರಿ ಅಂಗಿ, ಕೈಯಲ್ಲಿ ಫೈಲು, ದಾರಿಯುದ್ದಕ್ಕೂ ಸಾಹೇಬರಿಗೆ ನಮ್ಮ ಜಿಲ್ಲೆಯ ವಿಚಾರ ಹೇಳಬೇಕೆಂಬ ಉಮೇದು. ನನ್ನ ಮೈ ಸ್ವಲ್ಪ ದಪ್ಪ ಎನ್ನುವುದನ್ನು ಇಲ್ಲಿ ಹೇಳಬೇಕು. ಸ್ವಲ್ಪ ಎನ್ನುವುದು ನನ್ನ ಮಾತು.

ನಾವು ಹತ್ತಿದ್ದೇ ತಡ ಕಂಬಿ ಬಡಿದದ್ದು ಕೇಳಿತು. "ಮಾನ್ಯ ಪ್ರಯಾಣಿಕರ ಗಮನಕ್ಕೆ. ಕಡ್ಡಿ ಮಂದಿ ಸರದು ದಾರಿ ಬಿಡ್ರಿ. ನಮ್ಮ ಡಬ್ಬಿ ಸಾಹೇಬ್ರಿಗೆ ಪ್ರಮೋಷನ್ ಆಗೇತಿ. ಇವತ್ತಿಂದ ಅವರಿಗೆ ಕಿಟಕಿ ಸೀಟ."

ಬಸ್ಸು ನಕ್ಕಿತು, ಒಂದಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಕಿಟಕಿ ಪಕ್ಕದ ಮುದುಕ ಎದ್ದು ಜಾಗ ಬಿಟ್ಟ. ಸಾಹೇಬರೂ ನಕ್ಕು, ಏನ್ರೀ ನಿಮ್ಮನ್ನ ಡಬ್ಬಿ ಅಂತಾರಾ, ಎಂದರು. ಅವರ ಕಡೆ ಡಬ್ಬಿ ಅಂದರೆ ತಗಡಿನ ಡಬ್ಬಿ. ಅರ್ಥ ಹೇಳಲು ನನಗೆ ಒಂದು ವಾಕ್ಯ ಸಾಕಾಗಿತ್ತು. ಹೇಳಿದರೆ ನಮ್ಮಪ್ಪ ಪೇಟೆಯಲ್ಲಿ ಚೀಲಗಳ ನಡುವೆ ಕುಳಿತು ಕಾಯಿ ಆರಿಸುತ್ತಿದ್ದ ಸಂಗತಿಯನ್ನೂ ಹೇಳಬೇಕಾದೀತು ಎಂದು ತಡೆದುಕೊಂಡೆ. ಏನೋ ಹಳ್ಳಿ ಮಾತು ಸರ್, ಎಂದೆ. ಆ ಮಧ್ಯಾಹ್ನವೇ ಸಾಹೇಬರು ಎಲ್ಲರೆದುರು, ಎಲ್ಲಿ ನಮ್ಮ ಡಬ್ಬಿಯವರು, ಎಂದು ಕೂಗಿದರು. ಒಂದು ವಾರದಲ್ಲಿ ಕಚೇರಿಗೆ ಕಚೇರಿಯೇ ಹಾಗೆ ಕರೆಯತೊಡಗಿತು. ಸಾಹೇಬರ ಮೇಲೆ ಸಿಟ್ಟು ಮಾಡುವ ಧೈರ್ಯ ನನಗಿರಲಿಲ್ಲ. ಖಾಕಿ ಅಂಗಿಯ ಕಂಡಕ್ಟರ್ ಮೇಲೆ ಸಿಟ್ಟು ಮಾಡಲು ಧೈರ್ಯ ಬೇಕಾಗಿರಲಿಲ್ಲ.

ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಕಚೇರಿಯ ಕಂಪ್ಯೂಟರಿನಲ್ಲೇ ಕಂಡಕ್ಟರರ ಮೇಲಧಿಕಾರಿಗೆ ಒಂದು ದೂರು ಬರೆದೆ. ಸಾರ್ವಜನಿಕ ವಾಹನದಲ್ಲಿ ಪ್ರಯಾಣಿಕರ ದೇಹದ ಆಕಾರವನ್ನು ಕುರಿತು ಅಸಭ್ಯ ಪದ ಬಳಸಿ ಹೀಯಾಳಿಸುವುದು, ಕರ್ತವ್ಯದ ವೇಳೆ ಅನಗತ್ಯ ಭಾಷಣ, ಮಹಿಳೆಯರ ಮನಸ್ಸಿಗೂ ನೋವು. ಮಹಿಳೆಯರನ್ನು ಸೇರಿಸಿದರೆ ಕಾಗದಕ್ಕೆ ತೂಕ ಬರುತ್ತದೆ ಎಂದು ನನಗೆ ಗೊತ್ತಿತ್ತು, ಸೇರಿಸಿದೆ. ಅವರ ಹೆಸರು, ಬಸ್ಸಿನ ವೇಳೆ ಎಲ್ಲ ಸರಿಯಾಗಿ ಬರೆದೆ. ನನ್ನ ಹೆಸರು ಬರೆಯಲಿಲ್ಲ. ಕೆಳಗೆ "ನೊಂದ ಪ್ರಯಾಣಿಕರು" ಎಂದು ಹಾಕಿ ಅಂಚೆಗೆ ಹಾಕಿದೆ. ಬರೆದು ಮುಗಿಸಿದಾಗ ಒಳ್ಳೆಯ ಕೆಲಸ ಮಾಡಿದವನ ಸಮಾಧಾನವಾಗಿತ್ತು, ಕಾಗದ ಅಷ್ಟು ಚೆನ್ನಾಗಿ ಬಂದಿತ್ತು. ಈಗ ನೆನೆದರೆ ಮೈ ಹಿಡಿಯಾಗುತ್ತದೆ.

ಹದಿನೈದು ದಿನ ಕಳೆದಿರಬೇಕು. ರಾಣೆಬೆನ್ನೂರು ನಿಲ್ದಾಣದಲ್ಲಿ ಎಲ್ಲರೂ ಇಳಿದ ಮೇಲೆ ಅವರು ನನ್ನನ್ನು ತಡೆದರು. ದೂರಿನ ವಿಷಯವೇ ಇರಬೇಕು ಎಂದುಕೊಂಡೆ. ಆದರೆ ಅವರು ಸಿಟ್ಟಿನಲ್ಲಿರಲಿಲ್ಲ. ಚೀಲದಿಂದ ಎರಡು ಹಾಳೆ ತೆಗೆದು ನನ್ನ ಮುಂದೆ ಹರಡಿದರು. ಒಂದು ಅವರ ಮೇಲಧಿಕಾರಿಯ ನೋಟಿಸು, ಏಳು ದಿನದಲ್ಲಿ ಉತ್ತರ ಕೊಡಬೇಕೆಂದು. ಇನ್ನೊಂದು ನನ್ನ ದೂರಿನ ಝೆರಾಕ್ಸು.

"ಓದಿ ನೋಡ್ರಿ," ಎಂದರು. "ಭಾಳ ಚಂದ ಬರದಾನ್ರಿ ಬರದಾಂವ."

ಬೆರಳು ಆ ಹಾಳೆಯ ಮೇಲೆ ಒಂದು ಕಡೆ ಊರಿತ್ತು. ಎಲ್ಲಿ ಊರಿದೆ ಎಂದು ನಾನು ನೋಡಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಚಂದ ಬರೆದಿದ್ದಾನೆ ಎಂದಾಗ ಆ ಭಯದ ನಡುವೆಯೂ ನನಗೆ ಒಂದು ಕ್ಷಣ ಖುಷಿಯಾಯಿತು.

ಉತ್ತರ ನೀವೇ ಬರೆದುಕೊಡಬೇಕು ಎಂದರು. ಬೇರೇನೂ ಬೇಡ, ಒಂದೇ ಸಾಲು. "ಡಬ್ಬಿ ಅಂದ್ರ ಏನಂತ ಬರೀರಿ, ಸಾಕು. ನಾ ಹೇಳಿದ್ರ ಅವರು ನಂಬಂಗಿಲ್ಲ. ನೀವು ಬ್ಯಾಡಗಿ ಪ್ಯಾಟಿ ಮನಿಯವರು. ನಿಮ್ಮ ಅಪ್ಪಾರ ಕೈಯಾಗ ನಾನೂ ಚೀಲ ಸುರುವೇನಿ."

ನಾನು ಕನ್ನಡಕ ತೆಗೆದು ಒರೆಸಿದೆ. ಅರ್ಥ ವಿವರಿಸುತ್ತ ಹೋದರೆ ವಿಚಾರಣೆ ಬೆಳೆಯುತ್ತದೆ, ದೂರು ಕೊಟ್ಟವರನ್ನು ಹುಡುಕುತ್ತಾರೆ, ಸಾಕ್ಷಿ ಕರೆಸುತ್ತಾರೆ ಎಂದೆ. ತಪ್ಪಾಯಿತು, ಇನ್ನು ಮುಂದೆ ಬಸ್ಸಿನಲ್ಲಿ ಟಿಕೆಟ್ಟಿನ ಹೊರತು ಮಾತಾಡುವುದಿಲ್ಲ ಎಂದು ಬರೆದುಕೊಟ್ಟರೆ ಅಲ್ಲಿಗೇ ಮುಗಿಯುತ್ತದೆ ಎಂದೆ. ಅದು ಸುಳ್ಳಲ್ಲ, ಕಾಗದದ ಲೋಕದಲ್ಲಿ ಅದು ಹಾಗೆಯೇ. ಆದರೆ ದೂರು ಕೊಟ್ಟವರನ್ನು ಹುಡುಕುವ ಭಯ ಅವರಿಗೆ ಇರಲಿಲ್ಲ, ನನಗಿತ್ತು.

ಅವರು ನನ್ನ ಮುಖ ನೋಡಿದರು. "ನೀವ ಹಂಗ ಅಂತೀರೇನ್ರಿ?"

ಹೂಂ ಎಂದೆ.

"ಆತು. ಹಂಗ ಬರೀರಿ."

ಬರೆದೆ. ಅವರು ಬೆರಳಿಟ್ಟು ಓದಿದರು, ಸಹಿ ಮಾಡಿದರು. ಹಾಳೆ ಮಡಚುತ್ತ, "ಇದರಾಗೂ ಬಂದಾನಲ್ರಿ ಅಂವ," ಎಂದರು. ಮಗಳ ಅರ್ಜಿಯ ಹಳೆಯ ಚೇಷ್ಟೆ ನೆನಪಿಟ್ಟುಕೊಂಡಿದ್ದಾರೆ ಎಂದು ನಾನೂ ನಕ್ಕೆ. ಸಂಕಟದಲ್ಲೂ ತಮಾಷೆ ಬಿಡುವುದಿಲ್ಲ ಮನುಷ್ಯ ಎಂದುಕೊಂಡು ಹಗುರಾಗಿ ಇಳಿದು ಹೋದೆ.

ಮರುದಿನದಿಂದ ಬಸ್ಸು ಬರೀ ಬಸ್ಸಾಯಿತು. ಟಿಕೆಟ್, ಟಿಕೆಟ್. ಮೋಟೆಬೆನ್ನೂರು. ಬ್ಯಾಡಗಿ. ಅಷ್ಟೇ. ಮೊದಮೊದಲು ಜನ ಅವರಿಗೆ ಮೈಯಲ್ಲಿ ಹುಷಾರಿಲ್ಲ ಎಂದುಕೊಂಡರು. ತೊಟ್ಟು ಬಿಡಿಸುವ ಹೆಂಗಸರು, ಯಾಕೋ ಯಪ್ಪಾ, ಮನ್ಯಾಗ ಎಲ್ಲಾ ಆರಾಮೈತಿಲ್ಲೋ, ಎಂದು ದಿನಾ ಕೇಳುವರು. ಬರದು ಕೊಟ್ಟೇನವ್ವಾ ಎನ್ನುವರು, ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ. ಬಾಗಿಲ ಹತ್ತಿರ ಜನ ಗಂಟುಕಟ್ಟಿಕೊಂಡು ನಿಲ್ಲುತ್ತಿದ್ದರು. ಟವೆಲ್ಲಿನ ಜಗಳದಲ್ಲಿ ಒಬ್ಬಾಕೆಯ ಬಳೆ ಒಡೆದು ಮುಂಗೈಯಲ್ಲಿ ರಕ್ತ ಬಂತು. ಅವರು ತಮ್ಮ ಕರವಸ್ತ್ರ ಕೊಟ್ಟು ಸುಮ್ಮನೆ ನಿಂತರು. ಕಾಲೇಜಿನ ಹುಡುಗಿಯರು ಒಬ್ಬೊಬ್ಬರಾಗಿ ಎಂಟೂವರೆಯ ಬಸ್ಸಿಗೆ ಹೋಗತೊಡಗಿದರು. ಎರಡು ವರ್ಷ ಇದನ್ನೆಲ್ಲ ನಾನು ಕಿಟಕಿ ಸೀಟಿನಲ್ಲಿ ಕುಳಿತು ನೋಡಿದೆ. ಏಕೆಂದರೆ ಕಿಟಕಿ ಸೀಟು ಮಾತ್ರ ಅವರು ನನಗೆ ತಪ್ಪಿಸಲಿಲ್ಲ. ನಾನು ಹತ್ತಿದರೆ ಮಾತಿಲ್ಲದೆ, ಕಣ್ಣಲ್ಲೇ ಯಾರನ್ನೋ ಎಬ್ಬಿಸಿ ಜಾಗ ಮಾಡುತ್ತಿದ್ದರು. ಒಂದು ದಿನವಾದರೂ ಬೇಡ ಎನ್ನಬೇಕಾಗಿತ್ತು. ಅನ್ನಲಿಲ್ಲ, ಕುಳಿತೆ.

ಕಡೆಯ ದಿನ ಬಸ್ಸಿನ ಮುಂದೆ ಯಾರೋ ಸೇವಂತಿಗೆ ಮಾಲೆ ಕಟ್ಟಿದ್ದರು. ಎಂಟೂವರೆಗೆ ಹೋಗಿದ್ದ ಹುಡುಗಿಯರೂ ಅಂದು ಎಂಟೂಕಾಲಕ್ಕೆ ಬಂದಿದ್ದರು. ಹಾವೇರಿ ಬಿಟ್ಟಾಗಿನಿಂದ ಜನ, ಇವತ್ತೊಂದಿನ ಮಾತಾಡ್ರಿ ಎಂದು ದುಂಬಾಲು ಬಿದ್ದರು. ಬರದು ಕೊಟ್ಟೇನಿ ಎಂಬ ಅದೇ ಉತ್ತರ. ಮೋಟೆಬೆನ್ನೂರು ದಾಟಿದ ಮೇಲೆ, ಹಿಂದೆ ಬುಟ್ಟಿ ಹಿಡಿಸಿಕೊಂಡಿದ್ದ ಆ ಅಜ್ಜಿ ಎದ್ದು ನಿಂತಳು. "ಇನ್ನ ಒಂದ ತಾಸಿಗೆ ನಿನ್ನ ನೌಕರೀನ ಮುಗೀತೈತಿ. ಈಗ ಯಾರ ಏನ ಮಾಡತಾರ ನಿನಗ?"

ಅವರು ಕೊರಳಿನ ಮಷೀನನ್ನು ಬೆನ್ನಿಗೆ ಸರಿಸಿದರು. ಉಂಗುರದಿಂದ ಕಂಬಿಗೆ ಮೂರು ಸಲ ಬಡಿದರು. ಎರಡು ವರ್ಷದ ಮೇಲೆ ಆ ಸದ್ದು ಕೇಳಿ ಬಸ್ಸಿಗೆ ಬಸ್ಸೇ ಅವರತ್ತ ತಿರುಗಿತು.

"ಮಾನ್ಯ ಪ್ರಯಾಣಿಕರ ಗಮನಕ್ಕೆ. ಸದರೀ ಬಸ್ಸು ಸದರೀ ರಸ್ತೆಯ ಸದರೀ ಗುಂಡಿಗಳನ್ನು ಎಣಿಸುತ್ತ ಬ್ಯಾಡಗಿಗೆ ಹೊರಟಿದೆ. ಸದರೀ ಕಂಡಕ್ಟರ್ ಇವತ್ತ ಇಳೀತಾನ. ಅವನ ಮಾತಿನಿಂದ ಯಾರಿಗರ ನೋವಾಗಿದ್ರ, ಸದರೀ ನೋವನ್ನ ಸೀಟಿನ ಕೆಳಗ ಬಿಟ್ಟು ಇಳೀರಿ. ಮನೀಗೆ ಒಯ್ಯಬ್ಯಾಡ್ರಿ. ಒಯ್ದ್ರ ಲಗೇಜ್ ಹಾಕತೇನಿ."

ಪ್ರತಿ ಸದರೀಯ ದೀರ್ಘವನ್ನೂ ಅವರು ಎಳೆದೆಳೆದು ಹೇಳಿದರು. ಜನ ಬಿದ್ದು ಬಿದ್ದು ನಕ್ಕರು, ಕಚೇರಿಯವರ ಅಣಕ ಎಂದುಕೊಂಡು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೊಬ್ಬ ನಗಲಿಲ್ಲ. ಝೆರಾಕ್ಸಿನ ಮೇಲೆ ಊರಿದ್ದ ಬೆರಳು ಯಾವ ಅಕ್ಷರದ ಮೇಲಿತ್ತು ಎಂದು ಈಗ ತಿಳಿಯಿತು. ಇದರಾಗೂ ಬಂದಾನಲ್ರಿ ಎಂದರೆ ಮಗಳ ಅರ್ಜಿಯಲ್ಲಿ ಬಂದಂತೆ ಎಂದಲ್ಲ, ದೂರಿನಲ್ಲಿ ಬಂದಂತೆ ಎಂದು. ಅವರು ಉತ್ತರ ಬರೆಸಲು ನನ್ನ ಹತ್ತಿರ ಬಂದದ್ದು, ಬರೆದವನು ನಾನೇ ಎಂದು ಗೊತ್ತಿದ್ದೇ. ಬೇರೆ ಯಾರಿಂದಲಾದರೂ ಆ ಒಂದು ಸಾಲು ಬರೆಸಬಹುದಿತ್ತು. ಬಸ್ಸಿನ ಅರ್ಧ ಜನಕ್ಕೆ ಆ ಅರ್ಥ ಗೊತ್ತಿತ್ತು. ನಾನೇ ಬರೆದು ನಾನೇ ತಿದ್ದಿಕೊಳ್ಳಲಿ ಎಂದು ನನ್ನ ಮುಂದೆ ಹಾಳೆ ಹರಡಿದರು. ನಾನು ಅವರ ಕೈಯಿಂದಲೇ ಅವರ ಬಾಯಿ ಕಟ್ಟಿಸಿದೆ.

ರಾಣೆಬೆನ್ನೂರಿನಲ್ಲಿ ಎಲ್ಲರೂ ಅವರ ಕೈಹಿಡಿದು ಇಳಿದರು. ನನ್ನ ಸರದಿ ಬಂತು. ದೂರು ನಾನೇ ಬರೆದದ್ದು ಎಂದು ಹೇಳಬೇಕೆಂದಿದ್ದೆ. ಆರಾಮ ಇರ್ರಿ, ಎಂದೆ. ಅವರು ನನ್ನ ಮೊಣಕೈ ಹಿಡಿದು ಮೆಟ್ಟಿಲು ಇಳಿಸಿದರು. "ಸಾವಕಾಶ ಇಳೀರಿ ಸಾಹೇಬ್ರ. ಏನರ ಬಿಟ್ಟೀರೇನು ನೋಡಕೋರಿ," ಎಂದರು.

ಏನೂ ಬಿಟ್ಟಿರಲಿಲ್ಲ. ಎಲ್ಲವನ್ನೂ ಮನೆಗೇ ತಂದೆ.

ಅವರು ಕೇಳಿದ್ದು ಒಂದು ಸಾಲು. ಅದನ್ನು ಈಗ ಬರೆಯುತ್ತೇನೆ, ಏಳು ದಿನದ ಗಡುವು ಮುಗಿದು ಎರಡು ವರ್ಷವಾದ ಮೇಲೆ. ಡಬ್ಬಿ ಅಂದರೆ ಬ್ಯಾಡಗಿ ಪೇಟೆಯಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆಯ ಕಾಯಿ. ಖಾರ ಕಡಿಮೆ, ಬಣ್ಣ ಹೆಚ್ಚು. ಪೇಟೆಯ ಜನ ಅದನ್ನು ಅಂಗೈಯಲ್ಲಿ ಹಿಡಿದು ನೋಡುವಾಗ ದನಿ ತಗ್ಗಿಸುತ್ತಾರೆ, ನಮ್ಮಪ್ಪನೂ ತಗ್ಗಿಸುತ್ತಿದ್ದರು. ಸದರೀ ಕಂಡಕ್ಟರ್ ಸದರೀ ದೂರುದಾರನನ್ನು ಆ ಹೆಸರಿನಿಂದ ಕರೆದದ್ದು ಅವನಿಗೆ ಬಡ್ತಿಯಾದ ಸಂತೋಷಕ್ಕೆ. ಸದರೀ ಮಾತು ಬೈಗುಳವಲ್ಲ. ಅದು ದೂರುದಾರನಿಗೆ ಮೊದಲಿನಿಂದಲೂ ಗೊತ್ತಿತ್ತು.